ತೊಗರಿ ರಾಶಿ, ಹೀಬ್ರೂ ತಕ್ಕಡಿ

ಆಳಂದ ತಾಲ್ಲೂಕಿನ ನರೋಣಾ ಭಾಗದಲ್ಲಿ ಡಿಸೆಂಬರ್ ಬಂತೆಂದರೆ ತೊಗರಿ ಕಟಾವು, ಅದರ ಬೆನ್ನಿಗೇ ರಾಶಿ. 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ನೆಲವಿದು. ವರ್ಷವಿಡೀ ಮುಚ್ಚಿಟ್ಟ ಲೆಕ್ಕಗಳೆಲ್ಲ ಹೊರಬೀಳುವುದೂ ಆಗಲೇ: ಬಾಂದಗಲ್ಲು ಸರಿದಿದೆಯೇ, ಕೂಲಿ ಮುಟ್ಟಿತೇ, ತೂಕ ನೆಟ್ಟಗಿತ್ತೇ? ಬೈಬಲ್ಲಿನ ಹಳೆಯ ಒಡಂಬಡಿಕೆಯ ‘ಜ್ಞಾನೋಕ್ತಿಗಳು’ ವಿಚಾರಿಸುವುದೂ ಇವನ್ನೇ.

ಅದು ಯಾರದೋ ಧರ್ಮದ ಪುಸ್ತಕವೆಂದು ಪಕ್ಕಕ್ಕಿಡಬೇಕಿಲ್ಲ. ಬಾಂದಗಲ್ಲು ಸರಿಸಬೇಡ, ತಕ್ಕಡಿಯಲ್ಲಿ ಕೈಚಳಕ ತೋರಬೇಡ ಎಂಬ ಬುದ್ಧಿಮಾತುಗಳು ಪ್ರಾಚೀನ ಈಜಿಪ್ಟಿನ ಅಮೆನೆಮೋಪೆಯ ಬೋಧನೆಯಲ್ಲೂ ಇವೆ. ಹೀಬ್ರೂ ಪಂಡಿತರು ಅಲ್ಲಿಂದ ಸಂಕೋಚವಿಲ್ಲದೆ ಪಡೆದರೆಂದು ಬಹುತೇಕ ವಿದ್ವಾಂಸರು ಹೇಳುತ್ತಾರೆ. ಹಾಗಿರುವಾಗ ನರೋಣಾದವರು ಹಿಂಜರಿಯುವುದೇಕೆ?

ಮೊದಲು ತಕ್ಕಡಿ. ಕೊಳ್ಳಲು ಒಂದು ಕಲ್ಲು, ಮಾರಲು ಇನ್ನೊಂದು ಕಲ್ಲು ಇಟ್ಟುಕೊಳ್ಳುವವನಿಗೆ ಆ ಗ್ರಂಥ ಮತ್ತೆ ಮತ್ತೆ ಛೀಮಾರಿ ಹಾಕುತ್ತದೆ. ಇಲ್ಲಿ ಅದರ ಹೆಸರು ‘ಸೂಟ್’, ಅಂದರೆ ತೂಕದಲ್ಲಿ ಕಡಿತ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಇತ್ತು. ಕ್ವಿಂಟಲ್‌ಗೆ ಎರಡೇ ಕಿಲೋ ಸೂಟ್ ಹಿಡಿದರೂ ಐವತ್ತು ಕ್ವಿಂಟಲ್ ತಂದ ರೈತ ಒಂದು ಇಡೀ ಕ್ವಿಂಟಲ್ ಕಳೆದುಕೊಂಡು ಮನೆಗೆ ಹೋಗುತ್ತಾನೆ. ಚೀಲದಡಿ ಹಸಿ ಕಾಳು ತುಂಬುವ ರೈತನೂ ಈ ಮಾತಿಗೆ ಹೊರತಲ್ಲ, ಬಿಡಿ.

ಕೈಯಲ್ಲಿ ಹಣವಿದ್ದೂ ನೆರೆಯವನಿಗೆ ‘ನಾಳೆ ಬಾ’ ಅನ್ನಕೂಡದೆಂದು ಮೂರನೆಯ ಅಧ್ಯಾಯ ತಾಕೀತು ಮಾಡುತ್ತದೆ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಮನೆಬಾಗಿಲುಗಳ ಮೇಲೆ ಈ ಎರಡು ಪದ ಬರೆದದ್ದು ದೆವ್ವ ಓಡಿಸಲು! ದಿನವಿಡೀ ತೊಗರಿ ಕೊಯ್ದ ಹೆಣ್ಣುಮಕ್ಕಳಿಗೂ ಅದೇ ಉತ್ತರವೇ? ಅದೇ ಹಳೆಯ ಒಡಂಬಡಿಕೆಯ ಯೋಬನಂತೂ ಹಣ ತೆರದೆ ಹೊಲದ ಫಲ ಉಂಡಿದ್ದರೆ ಅಲ್ಲಿ ಗೋಧಿಯ ಬದಲು ಮುಳ್ಳು ಬೆಳೆಯಲಿ ಎಂದು ತನಗೆ ತಾನೇ ಶಾಪ ಹಾಕಿಕೊಳ್ಳುತ್ತಾನೆ.

ಮತ್ತೊಬ್ಬರ ಸಾಲಕ್ಕೆ ಜಾಮೀನು ನಿಂತು ಸಿಕ್ಕಿಬಿದ್ದವನು ನಿದ್ದೆಗೆಟ್ಟಾದರೂ ಬಿಡಿಸಿಕೊಳ್ಳಬೇಕೆಂಬ ಎಚ್ಚರಿಕೆಯೂ ‘ಜ್ಞಾನೋಕ್ತಿಗಳು’ ಗ್ರಂಥದಲ್ಲಿದೆ. ಮೈಕ್ರೋಫೈನಾನ್ಸ್ ಗುಂಪಿನಲ್ಲಿ ಒಬ್ಬಾಕೆಯ ಕಂತಿಗೆ ಉಳಿದವರೆಲ್ಲ ಹೊಣೆಯಾಗುವ ಈ ಕಾಲದಲ್ಲಿ ಸಹಿ ಹಾಕುವ ಮುನ್ನ ಅದನ್ನು ನೆನೆಯುವುದು ಲೇಸು. ವಸೂಲಿಯ ಕಿರುಕುಳಕ್ಕೆ ಕಡಿವಾಣ ಹಾಕಲು ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಇನ್ನು ಹಕ್ಕಲು. ಹೊಲದ ಅಂಚನ್ನೂ ಉದುರಿದ ತೆನೆಯನ್ನೂ ಬಡವರಿಗೆ, ಪರದೇಶಿಗಳಿಗೆ ಬಿಡಬೇಕೆಂಬುದು ಬೈಬಲ್ಲಿನ ಯಾಜಕಕಾಂಡದ ಕಟ್ಟಳೆ. ವಿಧವೆ ರೂತಳು ಬೆತ್ಲೆಹೇಮಿನಲ್ಲಿ ಹಕ್ಕಲು ಆಯ್ದೇ ಅತ್ತೆಯನ್ನು ಸಾಕಿದಳು. ಕಲಬುರಗಿ ಜಿಲ್ಲೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಹೊಲಕ್ಕಿಳಿದ ಹಕ್ಕಿಗಳನ್ನು ಓಡಿಸದೆ ಕಾಳು ತಿನ್ನಲು ಬಿಟ್ಟ ಕತೆ ಈ ಸೀಮೆಯ ಮಕ್ಕಳಿಗೂ ಗೊತ್ತು. ಶರಣೆ ಆಯ್ದಕ್ಕಿ ಲಕ್ಕಮ್ಮ ಇನ್ನೂ ಒಂದು ಹೆಜ್ಜೆ ಮುಂದೆ: ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ಆಯುವವರಿಗೂ ಮಿತಿಯುಂಟು, ಬಿಡುವವರಿಗೂ ಕರ್ತವ್ಯವುಂಟು.

ಆದ್ದರಿಂದ ನರೋಣಾದ, ಅಫಜಲಪುರ–ಜೇವರ್ಗಿಯ ಬಾಂಧವರಲ್ಲಿ ಒಂದು ಬಿನ್ನಹ. ಈ ಸಲ ಕಟಾವು ಯಂತ್ರ ಹೊಲ ಬಿಟ್ಟ ಮೇಲೆ ಹಕ್ಕಲು ಆಯಲು ಬಂದವರನ್ನು ಗದರಿಸಿ ಕಳಿಸಬೇಡಿ. ಆಳುಗಳ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಿ. ಮಾರುಕಟ್ಟೆಯಲ್ಲಿ ತಕ್ಕಡಿಗೆ ಸರ್ಕಾರಿ ಮುದ್ರೆ ಇದೆಯೇ ನೋಡಿ, ಸೂಟ್ ಕೇಳಿದರೆ ಒಬ್ಬೊಬ್ಬರೇ ಗೊಣಗದೆ ಹತ್ತು ಜನ ಸೇರಿ ಬೇಡವೆನ್ನಿ.