ಕುಬಸ ಯಾರಿಗೆ, ಬಾಣಂತನ ಯಾರಿಗೆ?

ಬಾಡಿಗೆ ತಾಯಿ ಅಂತೀವಿ. ಆದರೆ ಆ ತಾಯಿಗೆ ಬಾಡಿಗೆ ಕೊಟ್ಟರೆ ಜೈಲು. 2022ರ ಜನವರಿ 25ರಿಂದ ಜಾರಿಯಲ್ಲಿರುವ ಕಾಯ್ದೆ ಪ್ರಕಾರ ದುಡ್ಡಿಗಾಗಿ ಬೇರೆಯವರ ಮಗುವನ್ನು ಹೊರುವಂತಿಲ್ಲ, ಹೊರಿಸುವಂತಿಲ್ಲ. ದಂಧೆ ನಡೆಸಿದವರಿಗೆ 10 ವರ್ಷದವರೆಗೆ ಶಿಕ್ಷೆ, 10 ಲಕ್ಷ ರೂಪಾಯಿವರೆಗೆ ದಂಡ. ಹೊತ್ತವಳಿಗೆ ಆಸ್ಪತ್ರೆ ಖರ್ಚು ಮತ್ತು 36 ತಿಂಗಳ ವಿಮೆ.

ಒಳ್ಳೆಯದೇ ಅಲ್ಲವಾ ಎಂದು ನೀವು ಕೇಳಬಹುದು. ಅರ್ಧ ಒಳ್ಳೆಯದು. ಇನ್ನರ್ಧದ ಬಗ್ಗೆ ನನ್ನ ತಕರಾರು.

ಹೀಗೊಂದು ಮನೆ ಕಣ್ಣ ಮುಂದೆ ತಂದುಕೊಳ್ಳಿ. ಹರಿಹರ ತಾಲ್ಲೂಕಿನ ಹುಡುಗ ಓದಿ ಜರ್ಮನಿ ಸೇರಿದ್ದಾನೆ. ಹೆಂಡತಿಗೆ ಗರ್ಭಕೋಶದ ತೊಂದರೆ, ಮಗು ಹೊರಲು ಆಗದು. ಊರಲ್ಲಿರುವ ತಮ್ಮನ ಹೆಂಡತಿ ಹೊರಲು ಒಪ್ಪಿದ್ದಾಳೆ. ಸ್ಕ್ಯಾನಿಂಗ್‌ನಲ್ಲಿ ಅವಳಿ ಎಂದು ಗೊತ್ತಾಗಿದೆ. ಮನೆಯಲ್ಲಿ ಸಂಭ್ರಮ. ದಾವಣಗೆರೆಯಿಂದ ಎರಡು ತೊಟ್ಟಿಲು ಬಂದಿವೆ. ಇಲ್ಲಿನ ಅಜ್ಜಿಯ ಬಾಯಿಗೂ ಅಲ್ಲಿನ ಟೀಚರ್ ಬಾಯಿಗೂ ಹೊಂದುವ ಎರಡು ಹೆಸರು ಹುಡುಕುತ್ತಿದ್ದಾರೆ. ಕುಬಸದ ದಿನ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಕೂತವಳು ಜರ್ಮನಿಯಿಂದ ಬಂದ ಹಿರಿ ಸೊಸೆ. ಹೊಟ್ಟೆಯಲ್ಲಿ ಎರಡು ಜೀವ ಹೊತ್ತ ಕಿರಿ ಸೊಸೆ? "ಜನ ಏನಂತಾರೋ" ಎಂದು ದಾವಣಗೆರೆಯ ಯಾವುದೋ ಬಾಡಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾಳೆ.

ಇದು ನಾನು ಕಟ್ಟಿದ ಮನೆ. ಆದರೆ ಇಟ್ಟಿಗೆಯೆಲ್ಲ ನಮ್ಮ ಊರಿನದ್ದೇ.

ಮೊದಲು "ಒಪ್ಪಿದ್ದಾಳೆ" ಎಂಬ ಮಾತು ನೋಡಿ. ಹೊರುವವಳಿಗೆ 25ರಿಂದ 35 ವಯಸ್ಸಾಗಿರಬೇಕು, ಮದುವೆಯಾಗಿ ಸ್ವಂತ ಮಗು ಇರಬೇಕು, ಜೀವನದಲ್ಲಿ ಒಂದೇ ಸಲ ಹೊರಬೇಕು. ಆಗಬಹುದಾದ ತೊಂದರೆಗಳನ್ನೆಲ್ಲ ತಿಳಿಸಿ, ಅವಳಿಗೆ ಗೊತ್ತಿರುವ ಭಾಷೆಯಲ್ಲೇ ಬರಹದ ಒಪ್ಪಿಗೆ ಪಡೆಯಬೇಕು. ಭ್ರೂಣ ಗರ್ಭಕ್ಕೆ ಸೇರಿಸುವವರೆಗೂ "ಬೇಡ" ಎನ್ನುವ ಹಕ್ಕು ಅವಳಿಗಿದೆ. ಕಾಗದದ ಮೇಲೆ ಎಲ್ಲ ಸರಿ. ಆದರೆ ಅತ್ತೆ, ಗಂಡ, ಭಾವ ಸುತ್ತ ಕೂತಿರುವಾಗ, ಹೊಲದ ಪಾಲು ಇನ್ನೂ ಆಗದಿರುವಾಗ, ಕಿರಿ ಸೊಸೆ ಯಾವ ಬಾಯಲ್ಲಿ "ಬೇಡ" ಅನ್ನಬೇಕು? ದುಡ್ಡು ತೋರಿಸಿ ಒಪ್ಪಿಸಿದರೆ ಅದು ಶೋಷಣೆ. ಕಣ್ಣು ಬಿಟ್ಟು ಒಪ್ಪಿಸಿದರೆ ಅದು ತ್ಯಾಗ. ಇದ್ಯಾವ ನ್ಯಾಯ?

ಎರಡನೆಯದು ದುಡ್ಡಿನ ಲೆಕ್ಕ. ಡಾಕ್ಟರಿಗೆ ಫೀಸು ಇದೆ, ಲ್ಯಾಬಿಗೆ ಬಿಲ್ಲು ಇದೆ, ವಕೀಲರಿಗೆ, ವಿಮಾ ಕಂಪನಿಗೆ, ವಿಮಾನಕ್ಕೆ ದುಡ್ಡಿದೆ. ಇವರಲ್ಲಿ ಯಾರಿಗೂ ಕಾಯ್ದೆ "ನಿಸ್ವಾರ್ಥ ಸೇವೆ ಮಾಡಿ" ಎಂದಿಲ್ಲ. ಹೊತ್ತವಳಿಗೆ ಮಾತ್ರ ಆ ಉಪದೇಶ. ಭದ್ರಾ ನಾಲೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದಾಗ ಅವಳ ಕೂಲಿ ಹೋಯಿತು. ಅದನ್ನು ಯಾರು ಕೊಡುತ್ತಾರೆ? ಇಬ್ಬರಿಗಿಂತ ಕಡಿಮೆ ಮಕ್ಕಳಿರುವ ಕೇಂದ್ರ ಸರ್ಕಾರಿ ನೌಕರಳು ಹೀಗೆ ಮಗು ಹೊತ್ತರೆ 180 ದಿನ ಹೆರಿಗೆ ರಜೆ ಸಿಗುತ್ತದೆ. 2024ರ ಜೂನ್‌ನಲ್ಲಿ ಆ ನಿಯಮ ಬಂತು. ನಾಟಿಗೆ ಹೋಗುವವಳ ಗರ್ಭ ಏನು ಹಗುರವಾ?

"ದುಡ್ಡು ಬಂದರೆ ಬಡವರ ಗರ್ಭ ಸಂತೆಗೆ ಬರುತ್ತೆ" ಎನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. ನಾನು ಬೆಲೆ ಕಟ್ಟಿ ಅನ್ನುತ್ತಿಲ್ಲ, ನಷ್ಟ ತುಂಬಿ ಅನ್ನುತ್ತಿದ್ದೇನೆ. 2017ರಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿಯೂ ಹೊತ್ತವಳಿಗೆ ಪರಿಹಾರ ಇರಲಿ, ಹೋದ ಕೂಲಿಯೂ ಅದರಲ್ಲಿ ಸೇರಲಿ ಎಂದಿತ್ತು. ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗಲೂ ಕಾಯ್ದೆಯಲ್ಲಿ ವೈದ್ಯಕೀಯ ಖರ್ಚಿನ ಜೊತೆಗೆ ನಿಗದಿ ಮಾಡಿದ ಇತರ ಖರ್ಚು ಎಂಬ ಮಾತಿದೆ. ಕೂಲಿ, ಆಹಾರ, ಬಾಣಂತನ ಮೂರನ್ನೂ ಅದರಡಿ ಬಿಡಿಸಿ ಬರೆಯಲಿ.

ಮೂರನೆಯದು ಅವಳಿಯ ಆಸೆ. "ಒಂದೇ ಖರ್ಚಲ್ಲಿ ಎರಡು" ಎಂದು ನಗುವವರು ಹೊತ್ತವಳ ಮೈ ನೋಡಿಲ್ಲ. ಅವಳಿ ಗರ್ಭದಲ್ಲಿ ಬಿಪಿ, ರಕ್ತಹೀನತೆ, ದಿನ ತುಂಬುವ ಮೊದಲೇ ಹೆರಿಗೆ, ಹೆಚ್ಚು ರಕ್ತಸ್ರಾವ, ಎಲ್ಲದರ ಅಪಾಯವೂ ಜಾಸ್ತಿ. ಅದಕ್ಕೇ ನಿಯಮ ಒಂದು ಸಲಕ್ಕೆ ಒಂದೇ ಭ್ರೂಣ ಎನ್ನುತ್ತದೆ. ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ. ಮನೆಯವರ ಅವಸರ ವಿಶೇಷ ಸಂದರ್ಭ ಅಲ್ಲ.

ಇನ್ನು ಎರಡು ದೇಶದ ಮಾತು. 2008ರ ಜನವರಿಯಲ್ಲಿ ಗುಜರಾತಿನ ಆನಂದ್‌ನಲ್ಲಿ ಜರ್ಮನ್ ದಂಪತಿಗೆ ಹೀಗೇ ಅವಳಿ ಮಕ್ಕಳು ಹುಟ್ಟಿದರು. ಜರ್ಮನಿಯಲ್ಲಿ ಬಾಡಿಗೆ ತಾಯ್ತನಕ್ಕೆ ಅವಕಾಶವಿಲ್ಲ. ಮಕ್ಕಳು ಯಾವ ದೇಶದವರು ಎಂಬುದೇ ಜಗಳವಾಯಿತು. ಹೆತ್ತವಳು ಭಾರತೀಯಳು, ಹಾಗಾಗಿ ಮಕ್ಕಳೂ ಭಾರತೀಯರು ಎಂದು 2009ರಲ್ಲಿ ಗುಜರಾತ್ ಹೈಕೋರ್ಟ್ ಹೇಳಿತು. ಮಾತು ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ದತ್ತು ಪ್ರಕ್ರಿಯೆ ಮುಗಿಸಿ ಮಕ್ಕಳು ಹೊರಟಿದ್ದು 2010ರಲ್ಲಿ. ಈಗ ವಿದೇಶಿಯರಿಗೆ ಇಲ್ಲಿ ಅವಕಾಶವಿಲ್ಲ. ಭಾರತೀಯ ಮೂಲದ ದಂಪತಿಯಾದರೆ ಮಂಡಳಿಯ ಶಿಫಾರಸು ಬೇಕು. ನಮ್ಮ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗಿರುವವರೂ ತೊಟ್ಟಿಲು ಕೊಳ್ಳುವ ಮೊದಲು ತಾವಿರುವ ದೇಶದ ಕಾನೂನು ಕೇಳಿಕೊಳ್ಳಲಿ.

ಆ ಮಕ್ಕಳಿಗೆ ಅಲ್ಲಿನ ಕ್ರಿಸ್‌ಮಸ್ಸೂ ಇರಲಿ, ನಮ್ಮ ಯುಗಾದಿಯೂ ಇರಲಿ. ಬ್ರೆಡ್ಡೂ ತಿನ್ನಲಿ, ಬೆಣ್ಣೆ ದೋಸೆಯೂ ತಿನ್ನಲಿ. ಅದನ್ನೆಲ್ಲ ಮಕ್ಕಳು ಸಲೀಸಾಗಿ ಕಲಿಯುತ್ತವೆ. ಕಷ್ಟ ಇರುವುದು "ನಾನು ಯಾರ ಹೊಟ್ಟೆಯಲ್ಲಿದ್ದೆ?" ಎಂದು ಕೇಳಿದಾಗ. ಅವತ್ತು ಸುಳ್ಳು ಹೇಳುವ ಮನೆ ಯಾವ ಸಂಸ್ಕೃತಿಯನ್ನೂ ಕಲಿಸುವುದಿಲ್ಲ.

ತುಂಗಭದ್ರೆ ದಂಡೆಯ ಹರಿಹರೇಶ್ವರ ಗುಡಿಯಲ್ಲಿ ಒಂದೇ ಮೂರ್ತಿ, ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ಶತಮಾನಗಳಿಂದ ಕೈ ಮುಗಿಯುತ್ತಿದ್ದೇವೆ. ಒಂದು ಕಲ್ಲಲ್ಲಿ ಇಬ್ಬರು ದೇವರನ್ನು ಒಪ್ಪಿದ ಊರಿಗೆ ಒಂದು ಮಗುವಿನ ಕಥೆಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಒಪ್ಪಲು ಏನು ಕಷ್ಟ?

ಕುಬಸ ಮಾಡುತ್ತೀರಾ? ಎರಡು ಹಸಿರು ಸೀರೆ ತನ್ನಿ. ಒಪ್ಪಿಗೆ ಕೇಳುವಾಗ ಮನೆಯವರನ್ನೆಲ್ಲ ಹೊರಗೆ ಕೂರಿಸಿ, ಅವಳೊಬ್ಬಳನ್ನೇ ಕೇಳಿ. ಹೆರಿಗೆಯಾದ ಮೇಲೆ ಮಕ್ಕಳನ್ನು ಎತ್ತಿಕೊಂಡು ವಿಮಾನ ಹತ್ತಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಬಿಸಿನೀರು, ಅಂಟಿನುಂಡೆ, ಮೂರು ತಿಂಗಳ ಬಾಣಂತನದ ಖರ್ಚು, ಹೋದ ಕೂಲಿ ಇವನ್ನು ಇಟ್ಟು ಹೋಗಿ. ಮಕ್ಕಳು ನಿಮ್ಮವು, ಸರಿ. ಹೆತ್ತ ಮೈ ಅವಳದು.