ಹಳದಿ-ಕಪ್ಪು ಗೈಡಿನ ತಪ್ಪೇನು?

ಇಡೀ ಪುಸ್ತಕ ಓದದೆ ಸಾರಾಂಶ ಓದಿ ಪಾಸಾಗೋದು ಮೊಬೈಲ್ ಬಂದಮೇಲೆ ಹುಟ್ಟಿದ ಚಾಳಿ ಅಂತ ನಮಗೆ ಬೈಯುವವರಿದ್ದಾರೆ. ಬೈಯಲಿ, ಆದರೆ ಇಸವಿ ಸರಿಯಿರಲಿ.

ಅಮೆರಿಕದ ವಿದ್ಯಾರ್ಥಿಗಳ ಬ್ಯಾಗಿನಲ್ಲಿರುತ್ತಿದ್ದ ಹಳದಿ-ಕಪ್ಪು ರಕ್ಷಾಪುಟದ 'ಕ್ಲಿಫ್ಸ್ ನೋಟ್ಸ್'ನ ಬೇರು ಕೆನಡಾದಲ್ಲಿದೆ. ಟೊರಾಂಟೊದ ಕೋಲ್ಸ್ ಪುಸ್ತಕದಂಗಡಿಯವರು 1948ರಲ್ಲೇ 'ಕೋಲ್ಸ್ ನೋಟ್ಸ್' ಶುರುಮಾಡಿದ್ದರು. ಅದನ್ನು ಅಮೆರಿಕಕ್ಕೆ ತಂದವರು ನೆಬ್ರಾಸ್ಕಾದ ಕ್ಲಿಫ್ಟನ್ ಹಿಲೆಗಾಸ್. ಇವರು ಇಂಗ್ಲಿಷ್ ಪ್ರೊಫೆಸರ್ ಅಲ್ಲ, ಕಾಲೇಜು ಪುಸ್ತಕ ಮಾರುವ ಕಂಪನಿಯ ನೌಕರ! 1958ರಲ್ಲಿ 4,000 ಡಾಲರ್ ಸಾಲ ತೆಗೆದು, ಮನೆಯ ನೆಲಮಾಳಿಗೆಯಿಂದಲೇ ಶೇಕ್ಸ್‌ಪಿಯರ್‌ನ 16 ನಾಟಕಗಳ ನೋಟ್ಸ್ ಹೊರತಂದರು. ಕೆಲಸದಿಂದಾಗಿ ಊರೂರಿನ ಕಾಲೇಜು ಪುಸ್ತಕದಂಗಡಿಯವರ ಪರಿಚಯವಿತ್ತು. ಆ ಪರಿಚಯವೇ ಬಂಡವಾಳ. (ನಮ್ಮ ಸ್ಟಾರ್ಟಪ್ ಗೆಳೆಯರು ಗಮನಿಸಿ, ಕೋಡ್‌ಗಿಂತ ಮೊದಲು ಅಂಗಡಿಯವನ ಗುರುತು ಬೇಕು.)

ಈ ನೋಟ್ಸ್ ಮೂಲಕೃತಿಗೆ ಬದಲಿಯಲ್ಲ ಅಂತ ಹಿಲೆಗಾಸ್ ಪುಸ್ತಕದಲ್ಲೇ ಸಹಿ ಸಮೇತ ಅಚ್ಚು ಹಾಕಿಸುತ್ತಿದ್ದರು. ಎಷ್ಟು ಜನ ಕೇಳಿದರೋ! 1999ರಲ್ಲಿ ಹಾರ್ವರ್ಡ್‌ನ ಹುಡುಗರು 'ಸ್ಪಾರ್ಕ್‌ನೋಟ್ಸ್' ತಂದಮೇಲೆ ಅದೇ ಸರಕು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗತೊಡಗಿತು.

ಹಾಗಂತ ಗೈಡ್ ಕೆಟ್ಟದ್ದಾ? ನನಗೆ ಹಾಗನ್ನಿಸಲ್ಲ. ಕಾಳಿದಾಸನಿಗೆ ಮಲ್ಲಿನಾಥ ವ್ಯಾಖ್ಯಾನ ಬರೆದದ್ದೂ ಓದುಗನ ಕೈಹಿಡಿಯಲಿಕ್ಕೇ. ಹಳಗನ್ನಡದ ಪದ್ಯ ಕಂಡು ಕಂಗಾಲಾದವನಿಗೆ ಅರ್ಥಕೋಶ, ಗದ್ಯಾನುವಾದ ಕೊಡಬೇಡಿ ಅಂದರೆ ಅವನು ಪದ್ಯದ ಕಡೆ ತಲೆನೂ ಹಾಕಲ್ಲ. ಆದರೆ ವ್ಯಾಖ್ಯಾನ ಶ್ಲೋಕದ ಪಕ್ಕದಲ್ಲೇ ಕೂತಿರುತ್ತೆ, ಓದಬೇಕಾದರೆ ಎರಡನ್ನೂ ನೋಡಲೇಬೇಕು. ಗೈಡ್ ಶ್ಲೋಕವನ್ನೇ ಆಚೆ ಕಳಿಸಿ ತಾನು ಕೂರುತ್ತೆ.

ಕೂರಲು ಜಾಗ ಮಾಡಿಕೊಟ್ಟಿದ್ದು ಮಾತ್ರ ಪ್ರಶ್ನೆಪತ್ರಿಕೆ. ನಮ್ಮ 'ಸಾಂಸ್ಕೃತಿಕ ಕನ್ನಡ'ವನ್ನೇ ನೋಡ್ರಿ. ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರುತು ಹಾಕೋದಾದರೆ ವಚನ ಯಾಕೆ ಓದಬೇಕು? ಕವಿ ಹೆಸರು, ಕಾಲ, ಅಂಕಿತ ಉರು ಹೊಡೆದರೆ ಸಾಕಲ್ವಾ? ನಾವು ಹಾಗೇ ಮಾಡ್ತೀವಿ, ಅಂಕವೂ ಬರುತ್ತೆ. ಒಂದೇ ಒಂದು ಪ್ರಶ್ನೆಯನ್ನಾದರೂ ಪಠ್ಯಪುಸ್ತಕ ತೆರೆದಿಟ್ಟುಕೊಂಡೇ ಬರೆಯಲು ಬಿಡಿ: ಒಂದು ವಚನ ಕೊಟ್ಟು, ಇದರಲ್ಲಿ ನಿನಗೆ ಒಪ್ಪಿಗೆಯಾಗದ್ದು ಏನು, ಯಾಕೆ ಅಂತ ಕೇಳಿ. ಆಗ ಜೆರಾಕ್ಸ್ ಅಂಗಡಿಯಲ್ಲಿ ಏನು ಸಿಗುತ್ತೆ ನೋಡೋಣ.