ಆಫೀಸ್ ಅವರ್ಸ್ ಅಂದ್ರೆ ಏನು ಗೊತ್ತಾ?

ಹೋದ ತಿಂಗಳು ಚಿಕ್ಕಮ್ಮನ ಮಗ ಅಮೆರಿಕದಿಂದ ಫೋನ್ ಮಾಡಿದ್ದ. ಎಂಎಸ್‌ಗೆ ಹೋಗಿ ಆರು ವಾರ ಆಗಿತ್ತು. ‘ಅಣ್ಣಾ, ಕ್ಲಾಸಲ್ಲಿ ಬಾಯೇ ಬರ್ತಿಲ್ಲ. ಇಲ್ಲಿ ಮಾತಾಡೋದಕ್ಕೂ ಮಾರ್ಕ್ಸ್ ಇದೆ ಕಣೋ’ ಅಂದ. ಏಳು ವರ್ಷದ ಹಿಂದಿನ ನನ್ನದೇ ದನಿ ಕೇಳಿದ ಹಾಗಾಯ್ತು.

ನಾನು ಬಿಇ ಓದಿದ್ದು ಮಲೆನಾಡಿನ ಕಾಲೇಜಲ್ಲಿ. ಮೇಷ್ಟ್ರು ನೋಟ್ಸ್ ಹೇಳೋರು, ನಾವು ಬರ್ಕೊಳ್ಳೋರು. ಯಾರಾದ್ರೂ ಎದ್ದು ಪ್ರಶ್ನೆ ಕೇಳಿದರೆ ಹಿಂದಿನ ಬೆಂಚಿಂದ ‘ಓಹೋ’ ಅನ್ನೋ ರಾಗ. ಅಲ್ಲಿಗೆ ಹೋದಾಗ ಸಿಲಬಸ್ಸಿನಲ್ಲಿ ‘ಆಫೀಸ್ ಅವರ್ಸ್: ಮಂಗಳವಾರ 2ರಿಂದ 4’ ಅಂತಿತ್ತು. ಅದು ಪ್ರೊಫೆಸರ್ ತಮ್ಮ ಕೆಲಸ ಮಾಡೋ ಹೊತ್ತು, ಹೋಗಿ ತೊಂದರೆ ಕೊಡಬಾರದು ಅಂದುಕೊಂಡೆ. ಒಂದಿಡೀ ಸೆಮಿಸ್ಟರ್ ಆ ಬಾಗಿಲ ಕಡೆ ತಲೆ ಹಾಕಲಿಲ್ಲ. ವಿದ್ಯಾರ್ಥಿಗಳಿಗೇ ಅಂತ ಎತ್ತಿಟ್ಟ ಸಮಯ ಅದು ಅಂತ ಯಾರೂ ಹೇಳಲಿಲ್ಲ. ಹೇಳಬೇಕಾದ ವಿಷಯ ಅಂತ ಅವರಿಗೆ ಹೊಳೆದೇ ಇರಲಿಲ್ಲ. ಒಂದು ಪೇಪರ್‌ನಲ್ಲಿ ಸಿ ಬಂತು. ಜಿಪಿಎ 3ಕ್ಕಿಂತ ಇಳಿದರೆ ಪ್ರೊಬೇಷನ್. ಅಪ್ಪ ಮನೆ ಅಡ ಇಟ್ಟು ಸಾಲ ಮಾಡಿ ಕಳಿಸಿದ್ದರು.

ಎರಡನೇ ಸೆಮಿಸ್ಟರಿನ ಮೇಡಂ ಮೊದಲ ದಿನವೇ ಹೇಳಿದರು, ‘ಎರಡು ವಾರದೊಳಗೆ ಎಲ್ಲರೂ ಹತ್ತು ನಿಮಿಷ ನನ್ನ ರೂಮಿಗೆ ಬರಬೇಕು, ಅದಕ್ಕೂ ಮಾರ್ಕ್ಸ್ ಇದೆ.’ ಮಾರ್ಕ್ಸ್ ಅಂದ್ರೆ ನಾವು ಬಿಡ್ತೀವಾ!

ಅವರ ಪಾಠದ ರೀತಿಯೂ ಬೇರೆ. ಸ್ಲೈಡಿನಲ್ಲಿ ಒಂದು ಪ್ರಶ್ನೆ, ನಾಲ್ಕು ಉತ್ತರ. ಮೊದಲು ಒಬ್ಬರೇ ಯೋಚಿಸಿ ಓಟು ಹಾಕಬೇಕು. ಆಮೇಲೆ ಪಕ್ಕದವರ ಜೊತೆ ವಾದ ಮಾಡಿ ಮತ್ತೆ ಓಟು. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಪದ್ಧತಿಯಂತೆ ಅದು. ನನ್ನಂಥವನಿಗೆ ಅದರಲ್ಲಿ ಸಿಕ್ಕಿದ್ದು ಎರಡು ನಿಮಿಷ. ತಲೆಯೊಳಗಿನ ಕನ್ನಡ ಇಂಗ್ಲಿಷ್ ಆಗೋಕೆ ಅಷ್ಟು ಹೊತ್ತು ಬೇಕಿತ್ತು. ಅರವತ್ತು ಜನರ ಮುಂದೆ ಬಾರದ ಮಾತು ಒಬ್ಬನ ಮುಂದೆ ಬಂತು. ಒಮ್ಮೆ ಹೇಳಿದ ವಾಕ್ಯವನ್ನ ಕ್ಲಾಸಿಗೆಲ್ಲ ಹೇಳೋದು ಕಷ್ಟ ಅನ್ನಿಸಲಿಲ್ಲ.

ಪ್ರಾಜೆಕ್ಟ್ ಗುಂಪನ್ನೂ ಅವರೇ ಮಾಡಿದರು. ಇಲ್ಲದಿದ್ದರೆ ನಾವು ನಾಲ್ಕು ಜನ ಭಾರತದವರು ಒಂದೇ ಮೂಲೆ ಹಿಡೀತಿದ್ವಿ. ವಾರಕ್ಕೊಬ್ಬರು ಬರೆಯೋದು, ವಾರಕ್ಕೊಬ್ಬರು ಎದ್ದು ವಿವರಿಸೋದು. ನನ್ನ ಗುಂಪಿನ ಅಮೆರಿಕದ ಹುಡುಗ ಒಂದಿನ ಮೆಲ್ಲಗೆ, ‘ನಂಗೂ ಈ ಅಲ್ಗಾರಿದಮ್ ಅರ್ಥ ಆಗಿಲ್ಲ, ಸುಮ್ನೆ ತಲೆ ಆಡಿಸ್ತಿದ್ದೆ’ ಅಂದ. ಎಂಥ ಸಮಾಧಾನ! ಯೂನಿವರ್ಸಿಟಿಯವರು ನಮ್ಮನ್ನ ಬೆರೆಸೋಕೆ ಅಂತ ಪಿಜ್ಜಾ ಪಾರ್ಟಿ ಮಾಡ್ತಿದ್ದರು. ಪಿಜ್ಜಾ ತಿಂದು ನಮ್ಮ ನಮ್ಮ ಗುಂಪಿಗೆ ವಾಪಸ್. ಈ ಹುಡುಗ ಮಾತ್ರ ಇವತ್ತಿಗೂ ನನಗೆ ಫ್ರೆಂಡು.

ಎಲ್ಲ ಮೇಷ್ಟ್ರೂ ಹಾಗಿರಲ್ಲ, ತಮ್ಮನಿಗೆ ಅಂಥವರು ಸಿಗೋವರೆಗೆ ಕಾಯೋಕೂ ಆಗಲ್ಲ. ‘ಪ್ರಶ್ನೆ ಚೀಟೀಲಿ ಬರ್ಕೊಂಡು ಆಫೀಸ್ ಅವರ್ಸ್‌ಗೆ ಹೋಗು’ ಅಂದೆ. ಮೊನ್ನೆ ಮೆಸೇಜ್ ಬಂತು: ‘ಹೋಗಿದ್ದೆ ಅಣ್ಣಾ. ನನ್ನ ಹೆಸರು ಹೇಳೋದು ಕಲಿಯೋಕೇ ಅವರಿಗೆ ಐದು ನಿಮಿಷ ಹೋಯ್ತು. ಗುರುವಾರ ಮತ್ತೆ ಬಾ ಅಂದಿದ್ದಾರೆ.’